ಬಳ್ಳಾರಿಯ ಶಂಖದ ಬಳೆ, ಎಗ್ಮೋರಿನ ಕಪಾಟು

ಬಳ್ಳಾರಿಗೆ ಕಡಲಿಲ್ಲ. ಶಂಖಕ್ಕೆ ಹೆಸರಾದ ತೂತ್ತುಕುಡಿಯ ಕಡಲು ಅಲ್ಲಿಂದ ನೇರ ಅಳೆದರೂ ಸುಮಾರು 700 ಕಿಲೋಮೀಟರ್ ದೂರ. ಆದರೂ ನಮ್ಮ ಜಿಲ್ಲೆಯ ಹಳೇ ಹಾಳೂರುಗಳ ಮಣ್ಣಿನಲ್ಲಿ ಶಂಖದ ಬಳೆಯ ಚೂರುಗಳು ಸಿಕ್ಕಿವೆ. ಅವನ್ನು ಹೆಕ್ಕಿ, ಅಂಕಿ ಕೊಟ್ಟು, ಸಿಕ್ಕ ಊರಿನ ಹೆಸರು ಬರೆದಿಟ್ಟವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಅವರ ಸಂಗ್ರಹ ಇರುವುದು ಚೆನ್ನೈ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ನಾನಿರುವ ಅಂಬತ್ತೂರಿನಿಂದ ಲೋಕಲ್ ರೈಲು ಹಿಡಿದು ಸೆಂಟ್ರಲ್‌ನಲ್ಲಿ ಇಳಿದರೆ ಅಲ್ಲಿಂದ ಹತ್ತಿರ.

ನಾನು ಬಳ್ಳಾರಿಯ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದು, ಅಂಬತ್ತೂರು ಇಂಡಸ್ಟ್ರಿಯಲ್ ಎಸ್ಟೇಟಿನ ಪ್ಲೇಟಿಂಗ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನಿವೃತ್ತಿಯವರೆಗೂ ದುಡಿದೆ. ನಿಕಲ್, ಸತು, ಕ್ರೋಮಿಯಂ ತೊಟ್ಟಿಗಳ ದ್ರಾವಣ ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ಲೋಹ ಯಾವುದರಿಂದ ಕೆಡುತ್ತದೆ, ಯಾವುದರಿಂದ ಉಳಿಯುತ್ತದೆ ಎಂಬುದು ನನಗೆ ಅನ್ನ ಕೊಟ್ಟ ವಿದ್ಯೆ. ಮ್ಯೂಸಿಯಂನ ಒಡವೆಗಳನ್ನು ನಾನು ನೋಡುವುದು ಆ ಕಣ್ಣಿನಿಂದಲೇ.

ಫೂಟ್ ಭೂವಿಜ್ಞಾನ ಇಲಾಖೆ ಸೇರಿದ್ದು 1858ರಲ್ಲಿ. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೆ ಸಿಕ್ಕ ಹಳೇ ಶಿಲಾಯುಗದ ಕೈಗೊಡಲಿಯ ಕಥೆ ಹೆಸರಾದದ್ದು. ಕನ್ನಡಿಗರು ನೆನೆಯಬೇಕಾದ ಫೂಟ್ ಬೇರೆ: 1874ರಲ್ಲಿ ಡಂಬಳದ ಬೆಟ್ಟಗಳ, ಅಂದರೆ ಕಪ್ಪತಗುಡ್ಡದ, ಚಿನ್ನದ ಕಲ್ಲುಗಳ ಬಗ್ಗೆ ಬರೆದವರು, ಬಳ್ಳಾರಿ ಬಳಿಯ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳಲ್ಲಿ ಶಿಲಾಯುಗದವರು ಕೊಡಲಿ ಮಾಡುತ್ತಿದ್ದ ಜಾಗವನ್ನು ಲೋಕಕ್ಕೆ ತಿಳಿಸಿದವರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದ್ದು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಷ್ಟು ಹೊತ್ತಿಗೆ ಫೂಟ್ ಸಂಗ್ರಹ ಮದ್ರಾಸಿನ ಮ್ಯೂಸಿಯಂ ಸೇರಿ ಅರ್ಧ ಶತಮಾನವೇ ಆಗಿತ್ತು. ಅದು 1904ರಲ್ಲೇ ಅಲ್ಲಿಗೆ ಬಂದಿತ್ತು. ಅದರ ವಿವರವಾದ ಪಟ್ಟಿ ಅಚ್ಚಾದದ್ದು 1914ರಲ್ಲಿ, ಟಿಪ್ಪಣಿಗಳ ಸಂಪುಟ 1916ರಲ್ಲಿ. ಎರಡನ್ನೂ ನೋಡಲು ಫೂಟ್ ಇರಲಿಲ್ಲ, 1912ರಲ್ಲೇ ತೀರಿಕೊಂಡಿದ್ದರು.

ಆ ಸಂಗ್ರಹದ ಬೆಲೆ ಏನೆಂದು ತೋರಿಸಿಕೊಟ್ಟವರು ಮದ್ರಾಸಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್. ಶಂಖದ ಬಗ್ಗೆ 1914ರಲ್ಲಿ ಬಂದ ಅವರ ಪುಸ್ತಕದಲ್ಲಿ ಫೂಟ್ ಹೆಕ್ಕಿದ ಬಳೆಚೂರುಗಳ ವಿಚಾರ ಬರುತ್ತದೆ. ಶಂಖದಿಂದ ಬಳೆ ಮಾಡುವುದು ಸುಲಭವಲ್ಲ. ಮೊದಲು ತುದಿ ಒಡೆದು ಒಳಗಿನ ತಿರುಚು ಗೂಟವನ್ನು ತೆಗೆಯಬೇಕು, ಗರಗಸದಿಂದ ಅಡ್ಡಡ್ಡ ಉಂಗುರ ಕೊಯ್ಯಬೇಕು, ಒಳಮೈ ಹೊರಮೈ ಉಜ್ಜಿ ನುಣುಪು ಮಾಡಬೇಕು. ಒಂದೂರಿನಲ್ಲಿ ನಯಮಾಡಿದ ಚೂರು ಮಾತ್ರ ಸಿಕ್ಕರೆ ಯಾರೋ ಬಳೆ ತಂದು ತೊಟ್ಟಿರಬಹುದು. ಗರಗಸದ ಗೀರು ಉಳಿದ, ಉಜ್ಜದ ತುಂಡೂ ಕೊಯ್ದು ಬಿಸಾಡಿದ ಗೂಟವೂ ಸಿಕ್ಕರೆ ಬಳೆ ಮಾಡುವವರೇ ಅಲ್ಲಿದ್ದರು. ಕಡಲಿಂದ ಶಂಖ ಹೊತ್ತ ಎತ್ತುಗಳು ಒಳನಾಡಿಗೆ ಬಂದ ದಾರಿಯನ್ನು ಹೀಗೆ ಒಂದು ಗೀರಿನಿಂದ ಓದಬಹುದು. ಆದರೆ ಚೂರಿನ ಮೇಲಿನ ಅಂಕಿ ಅಳಿಸಿಹೋದರೆ ಆ ದಾರಿಯೂ ಅಳಿಸಿತು. ಊರು ಗೊತ್ತಿಲ್ಲದ ಚಿನ್ನದ ಸರಕ್ಕಿಂತ ಊರು ಗೊತ್ತಿರುವ ಶಂಖದ ಚೂರು ದೊಡ್ಡದು. ಇದು ನನ್ನ ಗಟ್ಟಿ ಅಭಿಪ್ರಾಯ.

ಚಿನ್ನಕ್ಕೆ ಅದರ ಬೆಲೆಯೇ ಶತ್ರು. ಹೊಲದಲ್ಲಿ ಸಿಕ್ಕ ಒಡವೆ ಅಕ್ಕಸಾಲಿಗನ ಮೂಸೆಗೆ ಹೋದರೆ ಮತ್ತೆ ಬರುವುದಿಲ್ಲ. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ. ಹಾಗಿದ್ದೂ ಹಳೇ ಚಿನ್ನ ಉಳಿದು ಬಂದದ್ದು ಅಪರೂಪ. ಉಳಿದವುಗಳಲ್ಲಿ ಎಗ್ಮೋರಿನ ಹೆಮ್ಮೆ ಎಂದರೆ ಪುರಾತತ್ವಜ್ಞ ಅಲೆಗ್ಸಾಂಡರ್ ರೀ ತಮಿಳುನಾಡಿನ ಆದಿಚ್ಚನಲ್ಲೂರಿನಲ್ಲಿ, ಸತ್ತವರನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದ ನೆಲದಲ್ಲಿ ಕಂಡ ಚಿನ್ನದ ಹಣೆಪಟ್ಟಿಗಳು. ತೆಳುವಾದ ತಗಡಿನ ಮೇಲೆ ಚುಕ್ಕಿಚುಕ್ಕಿಯ ಕೆಲಸ, ಅಷ್ಟೇ. ಯಾರೂ ಕೈಯಾಡಿಸದೆ ಮಣ್ಣು ಕಾಪಾಡಿದ್ದರಿಂದ ಉಳಿದವು.

ಕಂಚು, ತಾಮ್ರ, ಬೆಳ್ಳಿಯ ಕಷ್ಟ ಬೇರೆ. ಮದ್ರಾಸಿನ ಹಸಿ ಗಾಳಿಯಲ್ಲಿ ಉಪ್ಪಿದೆ. ಕಂಚಿನೊಳಗೆ ಕ್ಲೋರೈಡ್ ಸೇರಿತೆಂದರೆ, ತೇವ ಸಿಕ್ಕಾಗಲೆಲ್ಲ ಆಮ್ಲ ಹುಟ್ಟಿ, ಎಳೆಹಸಿರು ಪುಡಿಯಾಗಿ ಒಡವೆಯನ್ನು ತಿನ್ನುತ್ತದೆ. ಸಾಧಾರಣ ಕಿಲುಬು ಹಾಗಲ್ಲ, ಅದು ಮೈಗೆ ಅಂಟಿಕೊಂಡು ಸುಮ್ಮನಿರುತ್ತದೆ. ಎಗ್ಮೋರಿನ ಮ್ಯೂಸಿಯಂ 1930ರಲ್ಲಿ ತನ್ನದೇ ರಸಾಯನ ಪ್ರಯೋಗಾಲಯ ತೆರೆದದ್ದು ಇಂಥ ಕಂಚುಗಳನ್ನು ಉಳಿಸಿಕೊಳ್ಳಲು, ಎಸ್. ಪರಮಶಿವನ್ ಅದನ್ನು ಕಟ್ಟಿದರು. ಅವರು ಹಿಡಿದ ವಿಧಾನ ವಿದ್ಯುದ್ವಿಭಜನೆ. ಅದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು: ನಮ್ಮ ತೊಟ್ಟಿಯಲ್ಲೂ ವಸ್ತುವನ್ನು ಋಣಧ್ರುವಕ್ಕೆ ಕಟ್ಟುತ್ತೇವೆ, ಅಲ್ಲೂ ಹಾಗೆಯೇ. ನಾವು ಹೊಸ ಲೋಹ ಕೂರಿಸುತ್ತಿದ್ದೆವು. ಅವರು ಕ್ಷಾರದ ನೀರಿನಲ್ಲಿ ಹಳೇ ವಿಷವನ್ನು ಹೊರಗೆಳೆಯುತ್ತಿದ್ದರು. ಆದರೆ ಒಳಗೆ ಲೋಹವೇ ಉಳಿಯದ ತುಣುಕನ್ನು ಹೀಗೆ ಇಳಿಸಿದರೆ ಅದು ಉದುರಿಹೋಗುತ್ತದೆ, ಮೇಲ್ಮೈಯ ಕೆತ್ತನೆಯೂ ಹೋಗುತ್ತದೆ. ಆದ್ದರಿಂದ ಈಗಿನ ಸಂರಕ್ಷಕರು ಮೊದಲು ನೋಡುವುದು ಗಾಳಿಯ ತೇವವನ್ನು.

ಶಂಖಕ್ಕೆ ಇನ್ನೊಂದು ಗಂಡಾಂತರವಿದೆ. ಮರದ ಕಪಾಟು, ಮುಖ್ಯವಾಗಿ ಹೊಸದು, ವಿನೆಗರಿನ ಆಮ್ಲವನ್ನು ಸಣ್ಣಗೆ ಬಿಡುತ್ತಿರುತ್ತದೆ. ಶಂಖ ಸುಣ್ಣದ ವಸ್ತು. ಆ ಗಾಳಿಗೆ ಅದರ ಮೈಮೇಲೆ ಬಿಳಿ ಹಿಟ್ಟು ಏಳುತ್ತದೆ. ಅಂದವಾದ ಮರದ ಡ್ರಾಯರಿಗಿಂತ ಬಣ್ಣ ಬೇಯಿಸಿದ ಕಬ್ಬಿಣದ ಬೀರು ಅದಕ್ಕೆ ಕ್ಷೇಮ.

ನಮ್ಮವ್ವ ಹಬ್ಬದ ಮುಂಚೆ ಬೆಳ್ಳಿಯ ಕಾಲುಂಗುರಕ್ಕೆ ವಿಭೂತಿ ಹಚ್ಚಿ, ತಾಮ್ರಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಮನೆಯಲ್ಲಿ ಅದು ಸರಿ, ತೊಡುವ ಒಡವೆ ಹೊಳೆಯಬೇಕು. ಮ್ಯೂಸಿಯಂನಲ್ಲಿ ಹಾಗೆ ತಿಕ್ಕಿದರೆ ಉಳಿಯ ಗುರುತು, ತೊಟ್ಟವಳ ಕೈಯ ಸವೆತ ಎರಡೂ ಹೋಗುತ್ತವೆ. ಟೊಳ್ಳು ಗುಂಡಿನೊಳಗಿನ ಅರಗು ಬಿಸಿನೀರಿಗೆ ಮೆತ್ತಗಾಗುತ್ತದೆ. ಪೋಣಿಸಿದ ಹಳೇ ದಾರವನ್ನು ಕಿತ್ತು ಹೊಸ ನೈಲಾನ್ ಹಾಕಿದರೆ ಮಣಿಗಳ ಸರದಿಯೇ ಸುಳ್ಳಾಗುತ್ತದೆ. ದಾರವೂ ಒಡವೆಯೇ.

ಬಳ್ಳಾರಿಯಲ್ಲಿ ಈಗ ಫೂಟ್ ಹೆಸರಿನದೇ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವಿದೆ. ಫೂಟ್ ಪಟ್ಟಿಯಲ್ಲಿ ನಮ್ಮ ಜಿಲ್ಲೆಗೆ ಸೇರಿದ ಪುಟಗಳನ್ನು ಕನ್ನಡಕ್ಕೆ ತಂದು, ಯಾವ ಅಂಕಿಯ ಬಳೆ ಯಾವ ಊರಿನದು ಎಂದು ಅಲ್ಲಿ ಎಲ್ಲರೂ ಓದುವಂತೆ ಇಡಬೇಕು. ಬಳ್ಳಾರಿಯ ಅಧ್ಯಾಪಕರು, ವಿದ್ಯಾರ್ಥಿಗಳು ಇದಕ್ಕೆ ಮನಸ್ಸು ಮಾಡಲಿ. ಚೆನ್ನೈಗೆ ಬಂದವರು ಎಗ್ಮೋರಿಗೆ ಹೋಗಿ, ಪೂರ್ವೇತಿಹಾಸದ ವಿಭಾಗದಲ್ಲಿ ನಿಂತು ನೋಡಿ. ನಿಮ್ಮ ಮನೆಯಲ್ಲಿ ಅಜ್ಜಿಯ ಟೀಕಿ, ಬೋರಮಾಳ, ಬುಗುಡಿ ಇದ್ದರೆ ಯಾರದು, ಯಾವ ಊರಿನ ಅಕ್ಕಸಾಲಿಗ ಮಾಡಿದ್ದು, ಯಾವ ಮದುವೆಗೆ ಬಂದದ್ದು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಮುರಿಸಿ ಹೊಸದು ಮಾಡಿಸಲೇಬೇಕಾದರೆ, ಅದಕ್ಕೂ ಮುಂಚೆ ಫೋಟೋ ತೆಗೆದು, ತೂಕ ಬರೆದುಕೊಳ್ಳಿ.