ಶಾಲೆಯಲ್ಲಿ ಧರ್ಮಪಾಠ: ಮುಗಿಯದ ಒಂದು ಚರ್ಚೆ

ದಕ್ಷಿಣ ಕನ್ನಡದ ಊರುಗಳಲ್ಲಿ ಬೆಳಗ್ಗೆ ಬೇಗ ಹೊರಟರೆ ಮದ್ರಸದ ದಾರಿ ಹಿಡಿದ ಮಕ್ಕಳು ಕಾಣಸಿಗುತ್ತಾರೆ. ಒಂದೆರಡು ಗಂಟೆ ಕಳೆದರೆ ಅದೇ ಮಕ್ಕಳು ನೆರೆಮನೆಯ ಹಿಂದೂ, ಕ್ರೈಸ್ತ ಮಕ್ಕಳೊಂದಿಗೆ ಸರಕಾರಿ ಶಾಲೆಯಲ್ಲಿರುತ್ತಾರೆ. ದೀನಿನ ಪಾಠ ಉಸ್ತಾದರದು, ಲೆಕ್ಕ ಮತ್ತು ಭಾಷೆ ಟೀಚರದು. ನಮಗೆ ಸಹಜವೆನಿಸುವ ಈ ಹಂಚಿಕೆಯ ಹಿಂದೆ ದೀರ್ಘವಾದ ವಾದವಿವಾದವಿದೆ.

1854ರ ವುಡ್ ಶಿಕ್ಷಣ ನಿರೂಪವು ಸರಕಾರಿ ಶಾಲೆಗಳಲ್ಲಿ ಲೌಕಿಕ ಶಿಕ್ಷಣ ಮಾತ್ರ ಇರಬೇಕೆಂದಿತು. ಆದರೆ ಉತ್ತಮ ಲೌಕಿಕ ಶಿಕ್ಷಣ ಕೊಡುವ ಖಾಸಗಿ ಶಾಲೆಗಳಿಗೆ, ಅಲ್ಲಿ ಯಾವ ಧರ್ಮ ಬೋಧಿಸುತ್ತಾರೆಂದು ನೋಡದೆ, ಅನುದಾನದ ಬಾಗಿಲು ತೆರೆಯಿತು. ಮಿಶನರಿ ಶಾಲೆಗಳಿಗೆ ಇದರಿಂದ ಅನುಕೂಲವಾಯಿತು. ಊರಿಗೆ ಇರುವುದು ಅದೊಂದೇ ಶಾಲೆಯಾದರೆ ಅನ್ಯಧರ್ಮದ ಮಗು ಏನು ಮಾಡಬೇಕು? 1882ರ ಹಂಟರ್ ಆಯೋಗ ಈ ಪ್ರಶ್ನೆಗೆ ಉತ್ತರ ಹುಡುಕಿತು. ಅಂಥ ಊರಿನಲ್ಲಿ ಹೆತ್ತವರು ತಮ್ಮ ಮಗುವನ್ನು ಧರ್ಮಪಾಠದಿಂದ ಹೊರಗಿಡಬಹುದು, ಅದಕ್ಕಾಗಿ ಶಾಲೆಯ ಬೇರೆ ಯಾವ ಸೌಲಭ್ಯವೂ ತಪ್ಪಬಾರದು ಎಂದು ಅದು ಶಿಫಾರಸು ಮಾಡಿತು. ಧರ್ಮಪಾಠಕ್ಕೆ ಕೂರದಿರುವುದೂ ಮಗುವಿನ ಹಕ್ಕು ಎಂಬ ವಿಚಾರ ಹೀಗೆ ದಾಖಲಾಯಿತು.

1937ರಲ್ಲಿ ಗಾಂಧೀಜಿಯವರ ವಾರ್ಧಾ ಶಿಕ್ಷಣ ಯೋಜನೆ ರೂಪುಗೊಂಡಿತು. ಅದರ ಸಮಿತಿಗೆ ಅಧ್ಯಕ್ಷರಾಗಿದ್ದವರು ಜಾಮಿಯಾ ಮಿಲ್ಲಿಯಾದ ಡಾ. ಝಾಕಿರ್ ಹುಸೇನ್. ದೈವಭಕ್ತರಾದ ಗಾಂಧೀಜಿ ಈ ಯೋಜನೆಯಲ್ಲಿ ಧರ್ಮಬೋಧನೆಗೆ ಜಾಗ ಕೊಡಲಿಲ್ಲ. ಇಂದು ಧರ್ಮಗಳನ್ನು ಬೋಧಿಸುತ್ತಿರುವ ರೀತಿ ಐಕ್ಯಕ್ಕಿಂತ ಜಗಳಕ್ಕೇ ದಾರಿಯಾದೀತೆಂಬ ಭಯ ಅವರಿಗಿತ್ತು. ಎಲ್ಲ ಧರ್ಮಗಳಿಗೂ ಸಮಾನವಾದ ಸತ್ಯಗಳನ್ನು ಕಲಿಸಬೇಕೆಂದು ಮಾತ್ರ ಅವರು ಬಯಸಿದರು. ಮುಸ್ಲಿಂ ಲೀಗ್ ಈ ಯೋಜನೆಯನ್ನು ವಿರೋಧಿಸಿತು. 1946ರಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯು ಧರ್ಮಬೋಧನೆ ಮುಖ್ಯವಾಗಿ ಮನೆ ಮತ್ತು ಸಮುದಾಯದ ಹೊಣೆ ಎಂದು ತೀರ್ಮಾನಿಸಿತು.

1948ರ ಡಿಸೆಂಬರ್ 7ರಂದು ವಿಷಯ ಸಂವಿಧಾನ ಸಭೆಯ ಮುಂದೆ ಬಂತು. ಒತ್ತಾಯವಿಲ್ಲದಿದ್ದರೆ ಸರಕಾರಿ ಶಾಲೆಯಲ್ಲೂ ಧರ್ಮಬೋಧನೆ ಇರಲಿ ಎಂಬುದು ಮದ್ರಾಸಿನ ಮುಹಮ್ಮದ್ ಇಸ್ಮಾಯಿಲ್ ಸಾಹೇಬರ ವಾದ. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಎಲ್ಲರ ತೆರಿಗೆಯ ಹಣದಿಂದ ಒಂದು ಧರ್ಮವನ್ನು ಬೋಧಿಸುವುದು ಸರಿಯಲ್ಲ. ಇಷ್ಟೊಂದು ಪಂಥಗಳಿರುವ ನಾಡಿನಲ್ಲಿ ಎಲ್ಲರಿಗೂ ಬೇರೆಬೇರೆ ಪಾಠ ಏರ್ಪಡಿಸುವುದು ಸಾಧ್ಯವಿಲ್ಲ. ತನ್ನದೇ ಸತ್ಯವೆಂದು ಒಂದೊಂದು ಧರ್ಮವೂ ಹೇಳುವಾಗ ಶಾಲೆಯ ನೆಮ್ಮದಿ ಕೆಡುತ್ತದೆ ಎಂದರು. ಹಾಗಾದರೆ ಧರ್ಮದ ಬಗ್ಗೆ ಓದುವುದೇ ತಪ್ಪೇ? ಅದಕ್ಕೂ ಅವರಲ್ಲಿ ಉತ್ತರವಿತ್ತು. ದೇವನೊಬ್ಬನೇ, ಪ್ರವಾದಿಯವರು ಅಂತಿಮ ಪ್ರವಾದಿ ಎಂದು ನಂಬಬೇಕೆಂದು ಹೇಳಿಕೊಡುವುದು ಬೋಧನೆ. ಅಧ್ಯಯನ ಅದಕ್ಕಿಂತ ಬೇರೆ ಎಂದು ಇಸ್ಲಾಮನ್ನೇ ಉದಾಹರಿಸಿ ವಿವರಿಸಿದರು.

ಹೀಗೆ ಬಂದದ್ದು ಸಂವಿಧಾನದ 28ನೇ ವಿಧಿ. ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇಲ್ಲ. ಅನುದಾನಿತ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧರ್ಮಪಾಠಕ್ಕಾಗಲಿ ಪ್ರಾರ್ಥನೆಗಾಗಲಿ ಕೂರಿಸುವಂತಿಲ್ಲ. ಹಂಟರ್ ಆಯೋಗದ ಹಳೆಯ ಶಿಫಾರಸು ಇಲ್ಲಿ ಇನ್ನಷ್ಟು ವಿಶಾಲವಾಯಿತು.

ಅಧ್ಯಯನದ ದಾರಿ ಮುಚ್ಚಲಿಲ್ಲ. 1960ರಲ್ಲಿ ಶ್ರೀಪ್ರಕಾಶ ಸಮಿತಿ ಪ್ರಾಥಮಿಕ ಶಾಲೆಗಳಲ್ಲಿ ಪ್ರವಾದಿಗಳ, ಸಂತರ ಸರಳ ಕತೆಗಳನ್ನು ಹೇಳಿಕೊಡಲು ಸಲಹೆ ಮಾಡಿತು. ಎಲ್ಲ ಧರ್ಮಗಳ ಬಗ್ಗೆ ತಿಳಿವಳಿಕೆ ನೀಡುವುದು 28ನೇ ವಿಧಿಗೆ ವಿರುದ್ಧವಲ್ಲವೆಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರ ಮಾರ್ಚಿನಲ್ಲಿ ಗುಜರಾತ್ ಸರಕಾರ 6ರಿಂದ 12ನೇ ತರಗತಿಗಳಿಗೆ ಭಗವದ್ಗೀತೆಯನ್ನು ಅಳವಡಿಸುವುದಾಗಿ ಪ್ರಕಟಿಸಿದಾಗ ಕರ್ನಾಟಕದಲ್ಲೂ ಚರ್ಚೆ ಎದ್ದಿತು.

ಗೀತೆಯಾಗಲಿ, ಕುರ್‌ಆನ್ ಆಗಲಿ, ಬೈಬಲ್ ಆಗಲಿ ಮಕ್ಕಳು ಅರಿಯಬಾರದ ಗ್ರಂಥಗಳಲ್ಲ. ಆದರೆ ಬೋಧನೆ ಮತ್ತು ಅಧ್ಯಯನದ ನಡುವಿನ ಗೆರೆಯನ್ನು ನ್ಯಾಯಾಧೀಶರು ಗುರುತಿಸಬಲ್ಲರು, ಎಂಟು ವರ್ಷದ ಮಗು ಗುರುತಿಸಲಾರದು. ಅದಕ್ಕೆ ಟೀಚರ್ ಹೇಳಿದ್ದೇ ಸತ್ಯ. ಊರಿನ ಒಂದೇ ಶಾಲೆಯಲ್ಲಿ ಬಡ ತಂದೆ ‘ನನ್ನ ಮಗು ಈ ಪಾಠಕ್ಕೆ ಕೂರುವುದಿಲ್ಲ’ ಎನ್ನಲು ಧೈರ್ಯ ಮಾಡುವನೇ? 1882ರ ಪ್ರಶ್ನೆ ಇಂದಿಗೂ ಅದೇ. ಆದ್ದರಿಂದ ಶಾಲೆಯಲ್ಲಿ ಧರ್ಮದ ವಿಷಯ ಬರುವುದಾದರೆ ಎಲ್ಲ ಧರ್ಮಗಳದ್ದೂ ಬರಲಿ. ಅದು ಪರಿಚಯವಾಗಿರಲಿ, ಆರಾಧನೆಯಾಗದಿರಲಿ. ನಮ್ಮ ಮಕ್ಕಳಿಗೆ ಈ ರಕ್ಷಣೆ ಕೇಳುವ ನಾವು, ನಮ್ಮ ಆಡಳಿತದ ಶಾಲೆಗಳಲ್ಲಿ ಓದುವ ಇತರ ಮಕ್ಕಳಿಗೂ ಅದನ್ನು ಕೊಡಬೇಕು. ದೀನನ್ನು ಕಲಿಸುವ ಹೊಣೆ ಮನೆ, ಮದ್ರಸಗಳದು. ಅದನ್ನು ಶಾಲೆಯ ಹೆಗಲಿಗೆ ದಾಟಿಸಿ ನಾವು ಹಗುರಾಗಲಾರೆವು.