ಕಲ್ಲಿನ ಜೊತೆ ಹೊಲವೂ ಇತ್ತು

ನಮ್ಮ ಕಡೆ ಹಳೇ ಊರುಗಳ ಅಗಸಿ ಬಳಿ, ಹನುಮಪ್ಪನ ಗುಡಿ ಮುಂದೆ ಕತ್ತಿ ಹಿಡಿದ ಮನುಷ್ಯನ ಚಿತ್ರವಿರುವ ಕಲ್ಲುಗಳು ಕಾಣುತ್ತವೆ. ಕೆಲವಕ್ಕೆ ಎಣ್ಣೆ, ಕುಂಕುಮ ಹಚ್ಚಿ ದೇವರೆಂದೇ ಕೈಮುಗಿಯುತ್ತೇವೆ. ಅವು ವೀರಗಲ್ಲುಗಳು. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ತುದಿಯಲ್ಲಿ ಸೂರ್ಯ, ಚಂದ್ರ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಇರುವುದು ಕೃಷ್ಣೆ ಮತ್ತು ತುಂಗಭದ್ರೆಯ ನಡುವೆ. ಫಲವತ್ತಾದ ಈ ನೆಲಕ್ಕಾಗಿ ರಾಜರು ಶತಮಾನಗಳ ಕಾಲ ಬಡಿದಾಡಿದರು. ಸುಮಾರು 1021ರಲ್ಲಿ ಚೋಳ ರಾಜೇಂದ್ರ ಮತ್ತು ಚಾಲುಕ್ಯ ಜಯಸಿಂಹನ ಸೈನ್ಯಗಳು ಮುಸಂಗಿಯಲ್ಲಿ ಕಾದಾಡಿದವು. ಹಲವು ಇತಿಹಾಸಕಾರರ ಪ್ರಕಾರ ಆ ಮುಸಂಗಿಯೇ ಇಂದಿನ ಮಸ್ಕಿ. ಮುದಗಲ್ ಕೋಟೆ ವಿಜಯನಗರ ಮತ್ತು ಬಹಮನಿಗಳ ನಡುವೆ ಪದೇ ಪದೇ ಕೈ ಬದಲಾಯಿತು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದ. ಆ ಯುದ್ಧದಲ್ಲಿ ರಾಯನ ಕಡೆಯವರೇ 16,000ಕ್ಕೂ ಹೆಚ್ಚು ಮಂದಿ ಸತ್ತರೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಗೆದ್ದ ರಾಜನ ಹೆಸರು ನಮಗೆ ಗೊತ್ತು. ಸತ್ತವರ ಮನೆಯವರ ಗತಿ ಏನಾಯಿತು?

ಕನ್ನಡ ನಾಡಿನ ಶಾಸನಗಳಲ್ಲಿ ಇದಕ್ಕೊಂದು ಉತ್ತರವಿದೆ. ಯುದ್ಧದಲ್ಲಿ ರಕ್ತ ಚೆಲ್ಲಿ ಸತ್ತವನ ಕುಟುಂಬಕ್ಕೆ ಭೂಮಿ ಬಿಡುತ್ತಿದ್ದರು. ಅದರ ಹೆಸರು ನೆತ್ತರುಗೊಡಗೆ. ಗೆದ್ದು ಬದುಕಿ ಬಂದವನಿಗೆ ಕೊಡುವ ದತ್ತಿ ಬಾಳ್ಗಳ್ಚು, ಅಂದರೆ ಕತ್ತಿ ತೊಳೆಯುವುದು. ಸುಮಾರು 450ರ ಹಲ್ಮಿಡಿ ಶಾಸನದಲ್ಲಿ ವಿಜ ಅರಸನಿಗೆ ಎರಡು ಊರು ಸಿಕ್ಕಿದ್ದು ಹೀಗೆ. ಬೆಂಗಳೂರಿನ ಬೇಗೂರು ವೀರಗಲ್ಲು ಸುಮಾರು 890ರದ್ದು. ಯುದ್ಧದಲ್ಲಿ ಸತ್ತ ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ, ಹನ್ನೆರಡು ಊರುಗಳನ್ನು ಕಲ್ನಾಡಾಗಿ ಕೊಟ್ಟರೆಂದು ಅದು ಹೇಳುತ್ತದೆ. ಶಾಸನದ ಮೇಲಿನ ಸೂರ್ಯ ಚಂದ್ರರ ಅರ್ಥವೂ ಇದೇ: ಅವರಿರುವ ತನಕ ಕೊಟ್ಟ ಮಾತು ನಡೆಯಬೇಕು.

ಎಲ್ಲರಿಗೂ ಇದು ಸಿಕ್ಕಿರಲಿಕ್ಕಿಲ್ಲ. ಆದರೆ ಸೈನಿಕನನ್ನು ನೆನೆಯುವುದೆಂದರೆ ಅವನ ಮನೆಯ ಒಲೆ ಉರಿಸುವುದೂ ಹೌದು ಎಂಬ ತಿಳಿವಳಿಕೆ ಆಗಲೇ ಇತ್ತು.

ಅದಕ್ಕೂ ಮುಂಚೆ ಅಶೋಕ. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಿಂದಲೇ ದೇವಾನಾಂಪ್ರಿಯ ಎಂದರೆ ಅಶೋಕ ಎಂಬುದು ಖಚಿತವಾಯಿತು. ಅವನ ಹದಿಮೂರನೇ ಬಂಡೆ ಶಾಸನ, ಅದು ಮಸ್ಕಿಯಲ್ಲಿಲ್ಲ, ಕಳಿಂಗದಲ್ಲಿ ಲಕ್ಷ ಜನ ಸತ್ತರೆಂದು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಬದುಕಿ ಉಳಿದವರೂ ತಮ್ಮವರ ಕಷ್ಟದಿಂದ ನೋಯುತ್ತಾರೆ ಎನ್ನುತ್ತದೆ.

ಇಂದು ರಾಜನಿಲ್ಲ, ಇಲಾಖೆ ಇದೆ. ಯೋಧರ ಪತ್ನಿಗೆ ಕುಟುಂಬ ಪಿಂಚಣಿ ಇದೆ. ಪಿಂಚಣಿ ಇಲ್ಲದ, 65 ದಾಟಿದ ಮಾಜಿ ಸೈನಿಕರಿಗೆ ಮತ್ತು ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಮಾಸಿಕ ನೆರವಿದೆ, ಅದಕ್ಕೆ ಷರತ್ತುಗಳುಂಟು. 1949ರಿಂದ ಪ್ರತಿ ಡಿಸೆಂಬರ್ 7ರಂದು ಧ್ವಜ ದಿನಾಚರಣೆಯ ನಿಧಿ ಸಂಗ್ರಹವಾಗುವುದು ಇವರಿಗಾಗಿಯೇ.

ತೊಡಕು ಬರುವುದು ಕಾಗದದಲ್ಲಿ. ಸೈನ್ಯದ ದಾಖಲೆಯಲ್ಲಿ ಪತ್ನಿಯ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಪಿಂಚಣಿ ತಡವಾಗುತ್ತದೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡದಿದ್ದರೆ ನಿಲ್ಲಲೂಬಹುದು. ಇದು ಮೊಬೈಲ್ ಬಲ್ಲ ನಮ್ಮಂಥವರು ಮಾಡಬಹುದಾದ ಕೆಲಸ. ನಿಮ್ಮ ಊರಲ್ಲಿ ಸೈನ್ಯದಿಂದ ಬಂದ ಹಿರಿಯರು, ಯೋಧನನ್ನು ಕಳೆದುಕೊಂಡ ತಾಯಂದಿರು ಇದ್ದರೆ ಈ ಎರಡು ಕಾಗದ ಸರಿ ಇವೆಯೇ ಎಂದು ಕೇಳಿ. ಜುಲೈ 26ರಂದು ಕಾರ್ಗಿಲ್ ಸ್ಟೇಟಸ್ ಹಾಕುವ ಮುಂಚೆಯೇ ಕೇಳಿ.