ಹಾಲಿನ ಮನೆಗಳ ನಾಡು

ಫ್ರಾನ್ಸಿನ ಬರ್ಗಂಡಿ ಸೀಮೆಯ ಮೊರ್ವಾನ್ ಗುಡ್ಡಗಾಡಿನಲ್ಲಿ ಕೆಲವು ಹಳೆಯ ಮನೆಗಳಿಗೆ ‘ಹಾಲಿನ ಮನೆ’ಗಳೆಂದು ಹೆಸರು. 19ನೆಯ ಶತಮಾನದಲ್ಲಿ ಅಲ್ಲಿನ ಬಡ ಬಾಣಂತಿಯರು ತಮ್ಮ ಹಸುಗೂಸುಗಳನ್ನು ಮನೆಯವರಿಗೆ ಒಪ್ಪಿಸಿ, ಪ್ಯಾರಿಸ್ಸಿಗೆ ಹೋಗಿ, ಸಿರಿವಂತರ ಮಕ್ಕಳಿಗೆ ಎದೆಹಾಲೂಡಿಸಿ ಗಳಿಸಿದ ಹಣದಿಂದ ಎದ್ದ ಮನೆಗಳವು.

ಅದೇ ಕಾಲದಲ್ಲಿ ಪ್ಯಾರಿಸ್ಸಿನ ಅನಾಥ ಶಿಶುಗಳು ಮೊರ್ವಾನಿನ ರೈತ ಕುಟುಂಬಗಳಿಗೆ ಬಂದವು. ಸಾಕುವವರಿಗೆ ಸಂಸ್ಥೆಯಿಂದ ಮಾಸಾಶನ; ಮಗುವಿನ ಕೊರಳಲ್ಲಿ ಸಂಖ್ಯೆಯ ಬಿಲ್ಲೆ. ಬೆಳೆದ ಮಕ್ಕಳು ದನ ಕಾಯ್ದರು. ಶಾಲೆ ಮುಗಿದೊಡನೆ, 13ರ ಸುಮಾರಿಗೆ, ಹಲವರು ಹೊಲದ ಆಳುಗಳಾದರು. 1910ರಲ್ಲಿ ಹುಟ್ಟಿದ ಸಾಹಿತಿ ಝಾನ್ ಝೆನೆ ಅಲಿನ್ಯಿ ಗ್ರಾಮದ ಇಂತಹುದೇ ಸಾಕುಮನೆಯಲ್ಲಿ ಬೆಳೆದವರು.

ಸಾಕಲು ಕೊಟ್ಟ ಶಿಶುಗಳು ಅಪಾರವಾಗಿ ಸಾಯುತ್ತಿದ್ದವು. ವೈದ್ಯರೂ ಶಾಸಕರೂ ಆಗಿದ್ದ ಥಿಯೋಫಿಲ್ ರೂಸೆಲ್ ಅವರ ಪ್ರಯತ್ನದಿಂದ 1874ರ ಡಿಸೆಂಬರ್ 23ರಂದು ಬಂದ ಕಾನೂನು, ಹಣಕ್ಕೆ ಸಾಕಲು ಕೊಟ್ಟ ಎರಡು ವರ್ಷದೊಳಗಿನ ಕೂಸುಗಳನ್ನು ಸರಕಾರದ ನಿಗಾಕ್ಕೆ ಒಳಪಡಿಸಿತು. ವೈದ್ಯರು ಅವರ ಮನೆಬಾಗಿಲಿಗೆ ಹೋಗುವಂತಾಯಿತು. ವೈದ್ಯವೃತ್ತಿಯವರಾದ ನಮಗೆ ಇದು ದೊಡ್ಡ ಹೆಜ್ಜೆಯಾಗಿ ಕಾಣುತ್ತದೆ.

ಆದರೆ ಆ ಬಾಣಂತಿ ಪ್ಯಾರಿಸ್ಸಿನ ಕೂಸಿಗೆ ಯಶೋದೆ, ತನ್ನ ಕೂಸಿಗೆ ದೇವಕಿ. ಮಗುವನ್ನು ಊರಿನ ಅಜ್ಜಿಯ ಮಡಿಲಿಗೆ ಹಾಕಿ ದುಡಿಯಲು ಬಂದ ತಾಯಂದಿರು ನಮ್ಮ ನಡುವೆಯೂ ಇದ್ದಾರೆ. ಮೊರ್ವಾನಿನ ಈ ಇತಿಹಾಸ ನಮಗೆ ದೂರದ್ದಲ್ಲ.